ಶೆಡ್ಡಿನ ಧೂಳಿಗೆ ಬಂದ ರೇಟು

ಹಳೇ ಕಾರಿನ ಹುಚ್ಚಿರುವ ನನ್ನ ಗೆಳೆಯರ ಮುಂದೆ ‘ಅಮೆರಿಕನ್ ಪಿಕರ್ಸ್’ ಎಂಬ ಟಿವಿ ಶೋ ಹೆಸರೆತ್ತಿದರೆ ಸಾಕು, ಅಲ್ಲಿವರೆಗೂ ಕಾರ್ಬ್ಯುರೇಟರ್ ಬಗ್ಗೆ ತಣ್ಣಗೆ ಮಾತಾಡ್ತಿದ್ದವರ ದನಿ ಏರುತ್ತದೆ. ಈ ಕಾರ್ಯಕ್ರಮ ಬಂದು ನಮ್ಮ ಲೋಕವೇ ಹಾಳಾಯ್ತು ಅನ್ನೋದು ಅವರ ದೂರು. ಅಮೆರಿಕದ ಕಾರುಪ್ರಿಯರ ದೂರೂ ಹೆಚ್ಚುಕಮ್ಮಿ ಇದೇ. ನಾನು ಎರಡೂ ಕಡೆಯವನು: ಆ ಶೋ ಆಸೆಯಿಂದ ನೋಡುವವನೂ ಹೌದು, ಈ ಗೆಳೆಯರ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವವನೂ ಹೌದು. ಹಾಗಾಗಿ ಈ ಜಗಳದ ಹಿಂದಿನ ಚರಿತ್ರೆಯನ್ನು ಸ್ವಲ್ಪ ಕೆದಕೋಣ ಅನ್ನಿಸಿತು.

ಶೋ ನೋಡದವರಿಗೆ ಎರಡು ಮಾತು. 2010ರ ಜನವರಿ 18ರಂದು ಹಿಸ್ಟರಿ ಚಾನೆಲ್‌ನಲ್ಲಿ ಇದು ಶುರುವಾಯಿತು. ಶುರುವಿನಲ್ಲಿ ಇದ್ದದ್ದು ಮೈಕ್ ವುಲ್ಫ್, ಫ್ರಾಂಕ್ ಫ್ರಿಟ್ಜ್ ಅಂತ ಇಬ್ಬರು. ಅಯೋವಾ ರಾಜ್ಯದಲ್ಲಿ ಮಿಸಿಸಿಪ್ಪಿ ನದಿ ದಂಡೆಯ ಲಿಕ್ಲೇರ್ ಎಂಬ ಪುಟ್ಟ ಊರಿನಿಂದ ವ್ಯಾನ್ ಹತ್ತಿ ಹೊರಡುತ್ತಿದ್ದರು. ಹಳ್ಳಿದಾರಿಗಳಲ್ಲಿ ಸುತ್ತುತ್ತಿದ್ದರು, ಯಾರದೋ ಕೊಟ್ಟಿಗೆಗೆ ನುಗ್ಗುತ್ತಿದ್ದರು, ಧೂಳಿನ ಅಡಿಯಿಂದ ಹಳೇ ಬೈಕು, ಎಣ್ಣೆ ಡಬ್ಬಿ, ಪೆಟ್ರೋಲ್ ಬಂಕಿನ ಬೋರ್ಡು, ಕಾರಿನ ಬಾನೆಟ್ಟು ಎಳೆದು ತೆಗೆದು ಚೌಕಾಸಿ ಮಾಡುತ್ತಿದ್ದರು. ಕೊನೆಗೆ ಪರದೆ ಮೇಲೆ ಲೆಕ್ಕ ಬರುತ್ತದೆ: ಕೊಂಡಿದ್ದು ಇಷ್ಟಕ್ಕೆ, ಬೆಲೆ ಬಾಳೋದು ಇಷ್ಟು. ಇದಕ್ಕೆ ಆರು ತಿಂಗಳು ಮೊದಲು, 2009ರ ಜುಲೈನಲ್ಲಿ, ಲಾಸ್ ವೇಗಸ್‌ನ ಗಿರವಿ ಅಂಗಡಿಯೊಂದರ ‘ಪಾನ್ ಸ್ಟಾರ್ಸ್’ ಶುರುವಾಗಿತ್ತು. 2008ರ ಆರ್ಥಿಕ ಕುಸಿತದ ಬೆನ್ನಿಗೇ ಬಂದ ಶೋಗಳಿವು. ಕೆಲಸ ಕಳಕೊಂಡ, ಮನೆ ಸಾಲ ಕಟ್ಟಲಾಗದ ಜನ ತಮ್ಮ ಅಟ್ಟದ ಕಡೆ ಆಸೆಗಣ್ಣಿನಿಂದ ನೋಡುತ್ತಿದ್ದ ಕಾಲ.

ಕಾರಿನವರ ದೂರುಗಳಲ್ಲಿ ಮೊದಲನೆಯದು ಆ ರೇಟಿನ ಪಟ್ಟಿಯದ್ದು. ತುಕ್ಕು ಹಿಡಿದ ಫೋರ್ಡ್ ಇಟ್ಟುಕೊಂಡಿರೋ ಪ್ರತಿಯೊಬ್ಬರೂ ಈಗ ಅದನ್ನು ಲಾಟರಿ ಟಿಕೆಟ್ ಅಂದುಕೊಂಡಿದ್ದಾರಂತೆ. ಎರಡನೆಯದು, ಖರ್ಚಿನ ಮಾತೇ ಇಲ್ಲ ಅನ್ನೋದು. ಹಳೇ ಕಾರು ಕೊಳ್ಳೋದು ಕಥೆಯ ಆರಂಭ ಅಷ್ಟೆ. ಎಂಜಿನ್ ಬಿಚ್ಚಬೇಕು, ಸಿಗದ ಭಾಗವನ್ನು ಲೇತ್‌ನಲ್ಲಿ ಮಾಡಿಸಬೇಕು, ತಗಡು ಬಡಿಯೋ ಕೈಕಸುಬಿನವರನ್ನು ಹುಡುಕಬೇಕು, ಕಾಗದಪತ್ರ ಸರಿಮಾಡಬೇಕು. ಟಿವಿಯಲ್ಲಿ ಕೈಕುಲುಕಿದ ಕೂಡಲೇ ಲಾಭ ಕಾಣಿಸುತ್ತದೆ. ಮೂರನೆಯದು ಬಿಡಿಬಿಡಿಯಾಗಿ ಕೊಳ್ಳೋದು. ಒಬ್ಬ ಮನುಷ್ಯ ನಲವತ್ತು ವರ್ಷ ಕೂಡಿಟ್ಟಿದ್ದರಲ್ಲಿ ಚೆಂದದ ಆರು ವಸ್ತು ಹೋದರೆ ಉಳಿದದ್ದು ಬರೀ ರಾಶಿ. ನಾಲ್ಕನೆಯದು, ಆ ‘ಅಚಾನಕ್’ ಭೇಟಿಗಳು. ನಿಮ್ಮಲ್ಲಿ ದೊಡ್ಡ ಸಂಗ್ರಹ ಇದ್ದರೆ ತಿಳಿಸಿ ಅಂತ ಶೋದವರೇ ಪ್ರಕಟಣೆ ಕೊಡುತ್ತಾರೆ. ಮತ್ತೆ ಅಚಾನಕ್ ಎಲ್ಲಿಂದ ಬಂತು?

ದೂರುಗಳೆಲ್ಲ ನಿಜವೇ. ಆದರೆ ಪರದೆಯಿಂದ ಹಳೇ ಕಾರಿಗೆ ಹೊಸ ಗಿರಾಕಿಗಳು ಹುಟ್ಟಿದ್ದು ಇದೇ ಮೊದಲಲ್ಲ.

ಬ್ರಿಟನ್‌ನಲ್ಲಿ ಕಾರಿನ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಸಂಭ್ರಮಕ್ಕೆ 1896ರ ನವೆಂಬರ್‌ನಲ್ಲಿ ಲಂಡನ್‌ನಿಂದ ಬ್ರೈಟನ್‌ಗೆ ಒಂದು ಓಟ ನಡೆದಿತ್ತು. 1927ರಲ್ಲಿ ಅದರ ನೆನಪಿಗೆ ಹಳೇ ಕಾರುಗಳ ಓಟ ಶುರುವಾಯಿತು. ಬಹಳ ವರ್ಷ ಅದು ಕೆಲವು ತಿಕ್ಕಲರ ಆಟ ಅನ್ನಿಸಿಕೊಂಡಿತ್ತು. 1953ರಲ್ಲಿ ‘ಜೆನೆವೀವ್’ ಎಂಬ ಹಾಸ್ಯ ಸಿನಿಮಾ ಬಂತು. ಇದೇ ಬ್ರೈಟನ್ ಓಟ, ಇಬ್ಬರು ಗೆಳೆಯರ ಜಿದ್ದು, ಮಧ್ಯೆ ಹೈರಾಣಾದ ಹೆಂಗಸರು. ಜೆನೆವೀವ್ ಅನ್ನೋದು 1904ರ ಡರಾಕ್ ಕಾರಿನ ಹೆಸರು. ಸಿನಿಮಾ ಗೆದ್ದಿತು, ಅದರ ಜೊತೆಗೆ ಹಳೇ ಕಾರಿನ ಹವ್ಯಾಸವೂ ಗೆದ್ದಿತು. ಅದುವರೆಗೆ ಯಾರಿಗೂ ಬೇಡವಾಗಿದ್ದ ಗಾಡಿಗಳನ್ನು ಹುಡುಕಿಕೊಂಡು ಹೋಗುವವರು ಹೆಚ್ಚಾದರು.

ಇನ್ನೂ ಹಿಂದಕ್ಕೆ ಹೋದರೆ ಕಾರಿನವರಿಗೆ ಸ್ವಲ್ಪ ಮುಜುಗರದ ಸಂಗತಿ ಸಿಗುತ್ತದೆ. ಅಮೆರಿಕದಲ್ಲಿ ಹಳೇ ಕಾರಿನವರ ದೊಡ್ಡ ಕ್ಲಬ್ಬು ಹುಟ್ಟಿದ್ದು 1935ರಲ್ಲಿ. ಆಗ ಇಪ್ಪತ್ತೈದು ವರ್ಷ ಹಳೆಯ ಕಾರು ಅಂದರೆ ಬರೀ ಗುಜರಿ. ಎರಡನೇ ಮಹಾಯುದ್ಧ ಬಂದಾಗ ಕಬ್ಬಿಣ ಸಂಗ್ರಹದ ಅಭಿಯಾನಗಳಲ್ಲಿ ಎಷ್ಟೋ ಅಪರೂಪದ ಗಾಡಿಗಳು ಕರಗಿ ಹೋದವು. ಉಳಿದವನ್ನು ಉಳಿಸಿದವರು ಯಾರು? ಹಳ್ಳಿ ಹಳ್ಳಿ ಸುತ್ತಿ, ರೈತನ ಕೊಟ್ಟಿಗೆ ಬಾಗಿಲು ತಟ್ಟಿ, ‘ಒಳಗಿರೋ ಆ ಹಳೇದನ್ನ ಕೊಡ್ತೀರಾ’ ಅಂತ ಕೇಳಿ, ಚಿಲ್ಲರೆ ಕಾಸಿಗೆ ಕೊಂಡು ತಂದವರು. ಅಂದರೆ ಈ ಹವ್ಯಾಸದ ಹಿರಿಯರೇ ಮೊದಲ ಪಿಕರ್‌ಗಳು. ಅವರು ಹೋಗದಿದ್ದರೆ ಇವತ್ತು ಮ್ಯೂಸಿಯಮ್ಮುಗಳಲ್ಲಿ ನೋಡಲು ಏನೂ ಇರುತ್ತಿರಲಿಲ್ಲ. ಜೊತೆಗೆ, ಮಾರುವವನಿಗೆ ಬೆಲೆ ಗೊತ್ತಿಲ್ಲ ಅನ್ನೋದೂ ಅವರಿಗೆ ಅನುಕೂಲವೇ ಆಗಿತ್ತು. ಟಿವಿ ಕಿತ್ತುಕೊಂಡಿದ್ದು ಈ ಅನುಕೂಲವನ್ನು. ನನ್ನ ಗೆಳೆಯರ ಸಿಟ್ಟಿನಲ್ಲಿ ಅರ್ಧ ಭಾಗ ಇದೇ ಅಂತ ನನ್ನ ಗುಮಾನಿ.

ಹಾಗಂತ ಟಿವಿಯವರು ಬಡಪಾಯಿ ರೈತನ ಪರ ಅಂತಲೂ ಹೇಳೋಕಾಗಲ್ಲ. ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. 1979ರಲ್ಲಿ ಬಿಬಿಸಿ ಶುರುಮಾಡಿದ ‘ಆಂಟಿಕ್ಸ್ ರೋಡ್‌ಶೋ’ದಲ್ಲಿ ಜನ ತಮ್ಮ ವಸ್ತು ತರುತ್ತಿದ್ದರು, ತಜ್ಞರು ಅದರ ಚರಿತ್ರೆ, ಬೆಲೆ ಎರಡನ್ನೂ ಹೇಳಿ ವಾಪಸ್ ಕೊಡುತ್ತಿದ್ದರು. ಪಿಕರ್ ಶೋದಲ್ಲಿ ಬೆಲೆ ಗೊತ್ತಿರುವವನೇ ಕೊಳ್ಳುವವನು. ಈ ಎರಡು ಪಾತ್ರ ಒಂದಾದರೆ ಏನಾಗಬಹುದು ಅನ್ನೋದಕ್ಕೆ ಉದಾಹರಣೆ 1997ರಲ್ಲಿ ಶುರುವಾದ ಅಮೆರಿಕದ ರೋಡ್‌ಶೋದಲ್ಲೇ ಇದೆ. ಅದರಲ್ಲಿ ಕಾಣಿಸಿಕೊಳ್ಳುತ್ತಿದ್ದ ಸೇನಾ ವಸ್ತುಗಳ ತಜ್ಞರ ಮೇಲೆ ವಂಚನೆಯ ಮೊಕದ್ದಮೆ ನಡೆಯಿತು. ಅಂತರ್ಯುದ್ಧದ ಸೇನಾಪತಿ ಜಾರ್ಜ್ ಪಿಕೆಟ್‌ನ ವಸ್ತುಗಳನ್ನು ಅವನ ವಂಶಸ್ಥರಿಂದ ಸುಮಾರು 88 ಸಾವಿರ ಡಾಲರಿಗೆ ಕೊಂಡು, ಹ್ಯಾರಿಸ್‌ಬರ್ಗ್ ನಗರದ ಮ್ಯೂಸಿಯಂ ಯೋಜನೆಗೆ ಹೆಚ್ಚುಕಮ್ಮಿ ಹತ್ತು ಪಟ್ಟು ಬೆಲೆಗೆ ಮಾರಿದ್ದು ಬಯಲಾಯಿತು. 2002ರಲ್ಲಿ ಒಬ್ಬರಿಗೆ ಜೈಲು ಶಿಕ್ಷೆಯೂ ಆಯಿತು. ‘ಟಿವಿಯಲ್ಲಿ ಬರೋ ತಜ್ಞ’ ಎಂಬ ಹೆಸರಿಗೆ ಇದ್ದ ಬೆಲೆ ಅದು.

ಪಿಕರ್ ಶೋದವರ ಬಗ್ಗೆ ಒಂದು ಒಳ್ಳೇ ಮಾತೂ ಹೇಳಬೇಕು. ಮಾಲೀಕರು ತೀರಾ ಕಮ್ಮಿ ಕೇಳಿದಾಗ ‘ಇದಕ್ಕೆ ಇನ್ನೂ ಜಾಸ್ತಿ ಬರುತ್ತೆ’ ಅಂತ ತಾವೇ ರೇಟು ಏರಿಸಿ ಕೊಟ್ಟ ಕಂತುಗಳಿವೆ. ಕ್ಯಾಮರಾ ಇದ್ದದ್ದಕ್ಕೋ, ಮನಸ್ಸಿದ್ದದ್ದಕ್ಕೋ, ಏನೇ ಆಗಲಿ. ನಮ್ಮ ಗುಜರಿ ಅಂಗಡಿಗಳಲ್ಲಿ ಹಾಗೆ ಮಾಡಿದವರನ್ನು ನಾನಂತೂ ನೋಡಿಲ್ಲ.

ಇನ್ನು ಧೂಳಿನ ವಿಷಯಕ್ಕೆ ಬರೋಣ. ಮೊದಲೆಲ್ಲ ಹಳೇ ಕಾರು ಅಂದರೆ ಮಿರಮಿರ ಮಿಂಚಬೇಕು, ಶೋರೂಮಿನಿಂದ ಈಗಷ್ಟೇ ಬಂದಂತಿರಬೇಕು. ಆಮೇಲೆ ನಿಧಾನಕ್ಕೆ ಒಂದು ಬೇರೆ ವಿಚಾರ ಬೇರೂರಿತು: ಕಾರು ಅಸಲಿ ಸ್ಥಿತಿಯಲ್ಲಿ ಇರೋದು ಒಂದೇ ಸಲ, ಹೊಸ ಬಣ್ಣ ಬಳಿದರೆ ಅದರ ಮೇಲಿನ ಕಾಲದ ಗುರುತೇ ಅಳಿಸಿಹೋಗುತ್ತೆ ಅಂತ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ನಡೆದ ಬೈಯೋ ಸಂಗ್ರಹದ ಹರಾಜು ಇದಕ್ಕೆ ಸಾಕ್ಷಿ. ಸಾರಿಗೆ ಉದ್ಯಮಿಯೊಬ್ಬರು ಮ್ಯೂಸಿಯಂ ಮಾಡಬೇಕು ಅಂತ ಕೂಡಿಟ್ಟು, ವ್ಯವಹಾರ ಕುಸಿದ ಮೇಲೆ ಹಾಗೇ ಬಿಟ್ಟ 59 ಕಾರುಗಳು. ಸಿಕ್ಕಿದ ಸ್ಥಿತಿಯಲ್ಲೇ ಅವನ್ನು ಪ್ರದರ್ಶನಕ್ಕಿಟ್ಟರು. ಹಳೇ ಪತ್ರಿಕೆಗಳ ಕಟ್ಟಿನಡಿ ಹೂತುಹೋಗಿದ್ದ ಒಂದು ಫೆರಾರಿ ಸುಮಾರು 1 ಕೋಟಿ 63 ಲಕ್ಷ ಯೂರೋಗೆ ಹೋಯಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನದ ಅತ್ಯುನ್ನತ ಪ್ರಶಸ್ತಿ 1934ರ ಒಂದು ಬುಗಾಟಿಗೆ ಬಂತು. ಹೊಸದಾಗಿ ಸಿಂಗರಿಸದೆ ಇದ್ದಂತೆಯೇ ಉಳಿಸಿಕೊಂಡ ಕಾರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಟಿವಿ ಮತ್ತು ಧೂಳು ಒಟ್ಟಿಗೆ ಸೇರಿದ್ದು ನೆಬ್ರಾಸ್ಕಾದ ಪಿಯರ್ಸ್‌ನಲ್ಲಿ. ಎರಡು ಸಾವಿರ ಜನರೂ ಇಲ್ಲದ ಊರು. ಅಲ್ಲಿನ ಲ್ಯಾಂಬ್ರೆಕ್ಟ್ ಶೆವರ್ಲೆ ಎಂಬ ಡೀಲರ್ 1946ರಿಂದ ಐವತ್ತು ವರ್ಷ ಅಂಗಡಿ ನಡೆಸಿ, ಮಾರಾಟವಾಗದೆ ಉಳಿದ ಹೊಸ ಕಾರುಗಳನ್ನು ಹಾಗೇ ಇಟ್ಟುಕೊಂಡಿದ್ದರು. 2013ರ ಸೆಪ್ಟೆಂಬರ್ ಕೊನೆಗೆ ಸುಮಾರು 500 ಗಾಡಿಗಳ ಹರಾಜಾಯಿತು. ಹಿಸ್ಟರಿ ಚಾನೆಲ್ ಅದನ್ನು ನೇರಪ್ರಸಾರ ಮಾಡಿತು, ಸಾವಿರಾರು ಜನ ನುಗ್ಗಿದರು. ಬರೀ 1.3 ಮೈಲಿ ಓಡಿದ್ದ 1958ರ ಒಂದು ಪಿಕಪ್ 1 ಲಕ್ಷ 40 ಸಾವಿರ ಡಾಲರಿಗೆ ಹೋಯಿತು. ಇದು ಟಿವಿ ಹುಟ್ಟಿಸಿದ ಜ್ವರ ಅಂತ ಕೆಲವರು ಅಂದರು. ಆದರೆ ಧೂಳಿಗೆ ಮರ್ಯಾದೆ ಕೊಡೋದನ್ನು ಕಲಿಸಿದ್ದು ಟಿವಿಯಲ್ಲ, ಕಾರಿನವರೇ. ಟಿವಿ ಅದಕ್ಕೊಂದು ರೇಟಿನ ಚೀಟಿ ಅಂಟಿಸಿತು, ಅಷ್ಟೆ.

ಆ ರೇಟು ಬರೋದಾದರೂ ಎಲ್ಲಿಂದ? ಪಿಕರ್‌ಗಳು ಮ್ಯಾಸಚೂಸೆಟ್ಸ್‌ನ ಒಂದು ಹಿತ್ತಲಲ್ಲಿ 1964ರ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮೆಟ್ರೋ ವ್ಯಾನನ್ನು 25 ಸಾವಿರ ಡಾಲರ್ ಕೊಟ್ಟು ಕೊಂಡರು. ತುಕ್ಕು ಹಿಡಿದು ಬಿದ್ದಿದ್ದ ಗಾಡಿ, ತಗಡಿನ ಲೆಕ್ಕದಲ್ಲಿ ಅದಕ್ಕೆ ಅಷ್ಟು ಯಾರೂ ಕೊಡುವುದಿಲ್ಲ. ಆದರೆ ಏರೋಸ್ಮಿತ್ ಎಂಬ ರಾಕ್ ತಂಡ ಹೆಸರಾಗುವ ಮೊದಲು ಊರೂರು ಸುತ್ತಿದ ವ್ಯಾನು ಅದು. ಮೈಮೇಲೆ ಬರೆಸಿದ್ದ ಚಿತ್ರ ಮಾಸಿಹೋಗದೆ ಉಳಿದಿದ್ದರಿಂದ ಗುರುತು ಸಿಕ್ಕಿತು. ಯಾರಾದರೂ ‘ಚೆನ್ನಾಗಿ ಕಾಣ್ಲಿ’ ಅಂತ ಮೇಲೊಂದು ಕೋಟು ಬಣ್ಣ ಹೊಡೆದಿದ್ದರೆ ಆ ಕಥೆ ಅಲ್ಲಿಗೇ ಮುಗಿದಿತ್ತು.

ನಮ್ಮ ದೇಶಕ್ಕೂ ಪಿಕರ್‌ಗಳು ಬಂದು ಹೋಗಿದ್ದಾರೆ. ರಾಜಮನೆತನಗಳ ಕೈ ಬಿಗಿಯಾಗುತ್ತಿದ್ದ 1960ರ ದಶಕದಲ್ಲಿ ಎಷ್ಟೋ ರೋಲ್ಸ್‌ರಾಯ್ಸ್‌ಗಳು ಕಡಿಮೆ ಬೆಲೆಗೆ ಹಡಗು ಹತ್ತಿದವು. ಈಗ 1950ಕ್ಕಿಂತ ಮೊದಲು ತಯಾರಾದ ವಿಂಟೇಜ್ ಕಾರುಗಳ, ಅವುಗಳ ಬಿಡಿಭಾಗಗಳ ರಫ್ತಿನ ಮೇಲೆ ನಿರ್ಬಂಧವಿದೆ. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಅಸಲಿ ರೂಪ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತೆ. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಕಾನೂನು ಇಷ್ಟು ಮಾಡಿದೆ. ಆದರೆ ಶಿವಾಜಿನಗರದ ಗುಜರಿಗೆ ಹೋಗುವ ಹಳೇ ಗಾಡಿಯನ್ನು ಯಾವ ಕಾನೂನೂ ತಡೆಯೋದಿಲ್ಲ. ಕಾಫಿ ಎಸ್ಟೇಟುಗಳ ಶೆಡ್ಡುಗಳಲ್ಲಿ ಅಡಿಕೆ ಚೀಲದ ಪಕ್ಕ ನಿಂತಿರೋ ಹಳೇ ಜೀಪುಗಳ ಮಾಲೀಕರು ಈಗ ‘ನಾವೂ ಟಿವಿ ನೋಡ್ತೀವಿ ಕಣ್ರೀ’ ಅಂತ ಆಕಾಶದ ರೇಟು ಹೇಳ್ತಾರೆ ಅನ್ನೋದು ನನ್ನ ಗೆಳೆಯರ ಗೋಳು. ಹೇಳಲಿ ಬಿಡಿ, ಅವರ ಗಾಡಿ. ನನಗೆ ಚಿಂತೆ ಬೇರೆ. ರೇಟು ಗೊತ್ತಿರುವ ಆ ಮನೆಯ ಹುಡುಗರಿಗೆ, ಅದನ್ನು ತಾತ ಯಾವ ವರ್ಷ ತಂದರು, ಯಾರಿಂದ ಕೊಂಡರು ಅನ್ನೋದು ಗೊತ್ತಿರೋದಿಲ್ಲ.

ಹಾಗಾಗಿ, ಊರಿನ ಮನೆಯಲ್ಲಿ ಹಳೇ ಕಾರೋ, ಸ್ಕೂಟರೋ ಬಿದ್ದಿರುವ ಓದುಗರಿಗೆ ಒಂದು ಮಾತು. ಮುಂದಿನ ಸಲ ರಜೆಗೆ ಹೋದಾಗ ನೀರು ಹಾಕಿ ತೊಳೆಯಬೇಡಿ, ಗೂಗಲ್ ಮಾಡಿ ರೇಟೂ ನೋಡಬೇಡಿ. ಮೊದಲು ಧೂಳಿನ ಸಮೇತ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಆರ್‌ಸಿ ಪುಸ್ತಕ ಹುಡುಕಿ, ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಅದಕ್ಕೆ ತಾಳೆ ನೋಡಿ. ಆಮೇಲೆ ಅಜ್ಜಿಯ ಹತ್ತಿರ ಕೂತು, ಅದರಲ್ಲಿ ಯಾರ ಮದುವೆ ದಿಬ್ಬಣ ಹೋಯಿತು, ಯಾವ ಘಾಟಿಯಲ್ಲಿ ಕೆಟ್ಟು ನಿಂತಿತು ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಾರೋದಾದರೆ ಕೊಳ್ಳುವವರಿಗೆ ಆ ರೆಕಾರ್ಡಿಂಗನ್ನೂ ಕೊಡಿ. ಬೆಲೆ ಹೇಳೋಕೆ ಯಾರಾದರೂ ಸಿಗುತ್ತಾರೆ. ಕಥೆ ಹೇಳೋಕೆ ಅಜ್ಜಿ ಬಿಟ್ಟರೆ ಬೇರೆ ಯಾರೂ ಇಲ್ಲ.