ಸೊನ್ನೆ ಕಪ್ಪೋ, ಬಿಳಿಯೋ? — ಗಣಕದ ತೆರೆಯ ಮೇಲಿನ ಎರಡು ಬಣ್ಣಗಳ ಇತಿಹಾಸ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಗಣಕಯಂತ್ರದ ತೆರೆಯ ಮೇಲೆ ಕಾಣುವ ಚಿಕ್ಕ ಚಿತ್ರಗಳನ್ನು, ಎಂದರೆ ಐಕಾನ್‌ಗಳನ್ನು ಕುರಿತು ಒಂದು ಉಪನ್ಯಾಸಕ್ಕಾಗುವಷ್ಟು ಸಂಗತಿಯಿದೆಯೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದರಲ್ಲಿಯೂ ನಾನು ಆರಿಸಿಕೊಂಡಿರುವುದು ಬಣ್ಣಬಣ್ಣದ ಐಕಾನ್‌ಗಳನ್ನಲ್ಲ, ಬರಿಯ ಕಪ್ಪು-ಬಿಳುಪಿನವುಗಳನ್ನು. ಇರುವುದೇ ಎರಡು ಬಣ್ಣ, ಗೊಂದಲಕ್ಕೆ ಎಡೆಯೆಲ್ಲಿ? ಆದರೂ ಒಂದು ಯಂತ್ರದಲ್ಲಿ ಅಚ್ಚುಕಟ್ಟಾಗಿ ಕಂಡ ಚಿತ್ರ ಮತ್ತೊಂದರಲ್ಲಿ ಕಪ್ಪು ಮುದ್ದೆಯಾಗಿ ಕಾಣುವುದು, ಇಲ್ಲವೇ ಕಾಣದೆಯೇ ಹೋಗುವುದು, ಐವತ್ತು ವರ್ಷಗಳಿಂದ ಗಣಕ ನಿರ್ಮಾಪಕರನ್ನು ಕಾಡುತ್ತ ಬಂದಿದೆ. ಇದಕ್ಕೆಲ್ಲ ಮೂಲವಾದ ಪ್ರಶ್ನೆ ಒಂದೇ. ಯಂತ್ರದ ಸ್ಮೃತಿಯಲ್ಲಿರುವುದು 0 ಮತ್ತು 1 ಎಂಬ ಎರಡು ಅಂಕಿಗಳು ಮಾತ್ರ. ಅವುಗಳಲ್ಲಿ ಕಪ್ಪು ಯಾವುದು?

ನಮ್ಮ ನಾಡಿನ ಬರವಣಿಗೆಯ ಪರಂಪರೆಯಲ್ಲಿಯೇ ಈ ಪ್ರಶ್ನೆಗೆ ಎರಡು ಉತ್ತರಗಳುಂಟು. ಓಲೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ತೀಡಿದರೆ ತಿಳಿಯಾದ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಮೂಡುತ್ತದೆ. ಕಡತದಲ್ಲಿ ಇದು ತಿರುವುಮುರುವು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದವು. ಓದುವವನಿಗೆ ಎರಡರಲ್ಲಿಯೂ ತೊಡಕಿಲ್ಲ. ಬರೆದ ಭಾಗ ಯಾವುದು, ಬರೆಯದೆ ಬಿಟ್ಟ ಭಾಗ ಯಾವುದು ಎಂಬುದನ್ನು ಕಣ್ಣು ತಾನೇ ಬೇರ್ಪಡಿಸಿಕೊಳ್ಳುತ್ತದೆ. ಯಂತ್ರಕ್ಕೆ ಈ ವಿವೇಕವಿಲ್ಲ. ಅದಕ್ಕೆ ಯಾರಾದರೂ ಹೇಳಿಕೊಡಬೇಕು.

ಆರಂಭದ ಗಣಕ ತೆರೆಗಳೆಲ್ಲ ಕಡತದ ಜಾತಿಗೆ ಸೇರಿದವು. ಗಾಜಿನ ಕೊಳವೆಯ ಒಳಮೈಗೆ ಎಲೆಕ್ಟ್ರಾನ್ ಕಿರಣ ಬಡಿದ ಕಡೆ ಬೆಳಕು, ಬಡಿಯದ ಕಡೆ ಕತ್ತಲು. ಆದುದರಿಂದ 1 ಎಂದರೆ ಬೆಳಕು, 0 ಎಂದರೆ ಕಪ್ಪು ಎಂದು ತಿಳಿಯುವುದು ಎಂಜಿನಿಯರುಗಳಿಗೆ ಸಹಜವಾಗಿತ್ತು. 1973ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದವರು ನಿರ್ಮಿಸಿದ ಆಲ್ಟೋ ಎಂಬ ಯಂತ್ರ ಈ ಪದ್ಧತಿಯನ್ನು ಮುರಿಯಿತು. ಜೆರಾಕ್ಸ್ ಕಾಗದದ ಕಂಪನಿ. ಅವರಿಗೆ ತೆರೆಯೂ ಕಾಗದದಂತೆಯೇ ಕಾಣಬೇಕಾಗಿತ್ತು. ಅಡ್ಡಕ್ಕೆ 606, ಉದ್ದಕ್ಕೆ 808 ಚುಕ್ಕಿಗಳ ಆ ತೆರೆ ನಿಲ್ಲಿಸಿಟ್ಟ ಕಾಗದದ ಹಾಳೆಯ ಆಕಾರದ್ದು. ಹಿನ್ನೆಲೆ ಬಿಳಿ, ಬರಹ ಕಪ್ಪು. ಅಲ್ಲಿ 1 ಎಂದರೆ ಬೆಳಕಲ್ಲ, ಮಸಿ. ಒಂದೊಂದು ಚುಕ್ಕಿಗೆ ಒಂದೊಂದು ಬಿಟ್‌ನಂತೆ ಆ ತೆರೆಗೆ ಸುಮಾರು 60 ಕಿಲೋಬೈಟ್ ಸ್ಮೃತಿ ಬೇಕಾಗುತ್ತಿತ್ತು. ಯಂತ್ರದಲ್ಲಿದ್ದ ಒಟ್ಟು ಸ್ಮೃತಿಯೇ 128 ಕಿಲೋಬೈಟ್! ಕಾಗದದ ಭ್ರಮೆಗಾಗಿ ಅರ್ಧ ಆಸ್ತಿಯನ್ನೇ ಧಾರೆಯೆರೆದರು ಎನ್ನಬೇಕು.

ಐಕಾನ್ ಎಂಬ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್. 1975ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ತಮ್ಮ ಪ್ರೌಢಪ್ರಬಂಧದಲ್ಲಿ. 1981ರಲ್ಲಿ ಮಾರುಕಟ್ಟೆಗೆ ಬಂದ ಜೆರಾಕ್ಸ್ ಸ್ಟಾರ್ ಯಂತ್ರದಲ್ಲಿ ಕಡತ, ಅಂಚೆಪೆಟ್ಟಿಗೆ ಮುಂತಾದವುಗಳ ಚಿತ್ರಗಳು ಮೇಜಿನ ಮೇಲೆ ಕುಳಿತವು. ಆ ಯಂತ್ರ ದುಬಾರಿಯಾದುದರಿಂದ ಜನರ ಕೈಗೆ ಬರಲಿಲ್ಲ. ಜನರ ಕೈಗೆ ಬಂದುದು 1984ರ ಮ್ಯಾಕಿಂಟಾಶ್.

ಇಲ್ಲಿ ಸ್ವಲ್ಪ ನಿಲ್ಲೋಣ. ಮ್ಯಾಕಿಂಟಾಶ್‌ನ ಐಕಾನ್‌ಗಳನ್ನು ರಚಿಸಿದ ಸೂಸನ್ ಕೇರ್ ಎಂಬ ಕಲಾವಿದೆ ಚೌಕುಳಿ ಕಾಗದದ ಮೇಲೆ ಮನೆಗಳನ್ನು ತುಂಬುತ್ತ ಅವುಗಳನ್ನು ಬಿಡಿಸಿದರು. ನಮ್ಮ ಹೆಣ್ಣುಮಕ್ಕಳು ಚುಕ್ಕಿಯಿಟ್ಟು ರಂಗೋಲಿ ಹಾಕುವ ಕ್ರಮವನ್ನು ಬಲ್ಲವರಿಗೆ ಈ ಕೆಲಸದ ಸೊಗಸನ್ನೂ ಕಷ್ಟವನ್ನೂ ವಿವರಿಸಬೇಕಾಗಿಲ್ಲ. ಅಡ್ಡ 32, ಉದ್ದ 32, ಒಟ್ಟು 1024 ಚುಕ್ಕಿಗಳು. 128 ಬೈಟುಗಳಲ್ಲಿ ಒಂದು ಚಿತ್ರ. ಇಲ್ಲಿಯೂ 1 ಎಂದರೆ ಕಪ್ಪು.

ಈಗ ಅವರ ಪ್ರಸಿದ್ಧವಾದ ಕಸದ ಡಬ್ಬಿಯನ್ನು ನೆನೆಯಿರಿ. ಆ ತೆರೆಯ ಹಿನ್ನೆಲೆ ಬೂದು. ಬೂದು ಬಣ್ಣವೆಂಬುದು ಆ ಯಂತ್ರದಲ್ಲಿ ಇರಲಿಲ್ಲ. ಕಪ್ಪು ಬಿಳಿ ಚುಕ್ಕಿಗಳನ್ನು ಒಂದು ಬಿಟ್ಟು ಒಂದರಂತೆ ಇಟ್ಟು ಕಣ್ಣಿಗೆ ಬೂದು ಎನಿಸುತ್ತಿದ್ದರು. ಡಬ್ಬಿಯ ಗೆರೆ ಕಪ್ಪು, ಒಳಗಿನ ಮೈ ಬಿಳಿ. ಡಬ್ಬಿಯ ಹೊರಗೆ ಬೂದು ಹಿನ್ನೆಲೆ ಹಾಗೆಯೇ ಉಳಿಯಬೇಕು. ಆದರೆ ಚಿತ್ರದಲ್ಲಿ ಒಳಮೈಯೂ 0, ಹೊರಗೂ 0! ಎರಡು ಬಣ್ಣಗಳ ಚಿತ್ರಕ್ಕೆ ವಾಸ್ತವವಾಗಿ ಬೇಕಾಗಿದ್ದುದು ಮೂರು ಸ್ಥಿತಿಗಳು: ಕಪ್ಪು, ಬಿಳಿ, ಮತ್ತು ‘ಇಲ್ಲಿ ನಾನಿಲ್ಲ’ ಎಂಬುದು. ಒಂದು ಬಿಟ್‌ನಲ್ಲಿ ಮೂರನ್ನು ಹೇಳಲಾಗದು. ಆದುದರಿಂದ ಪ್ರತಿಯೊಂದು ಐಕಾನ್‌ಗೂ ಅಷ್ಟೇ ಗಾತ್ರದ ಎರಡನೆಯ ಚಿತ್ರವೊಂದನ್ನು ಜೊತೆಗೆ ಇಟ್ಟರು. ಅದಕ್ಕೆ ಮಾಸ್ಕ್ ಎಂದು ಹೆಸರು. ಡಬ್ಬಿಯ ಆಕಾರ ಎಲ್ಲೆಲ್ಲಿ ಹರಡಿದೆಯೆಂಬುದನ್ನಷ್ಟೇ ಅದು ಹೇಳುತ್ತದೆ.

ಎರಡು ಬಿಟ್‌ಗಳೆಂದರೆ ನಾಲ್ಕು ಸ್ಥಿತಿಗಳಾದವು. ಮಿಕ್ಕ ನಾಲ್ಕನೆಯದನ್ನು ತೆರೆಯ ಮೇಲೆ ಚಲಿಸುವ ಬಾಣದಂತಹ ಗುರುತುಗಳಲ್ಲಿ ‘ಅಡಿಯಲ್ಲಿ ಇರುವುದನ್ನು ತಿರುವಿಹಾಕು’ ಎಂಬುದಕ್ಕೆ ಬಳಸಿದರು.

1985ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಬಂದಿತು. ಅಲ್ಲಿಯೂ ಎರಡು ಚಿತ್ರಗಳ ಜೋಡಿಯೇ, ನಾಲ್ಕು ಸ್ಥಿತಿಗಳೇ. ಆದರೆ ಲೆಕ್ಕ ಪೂರ್ತಿ ಬೇರೆ. ಚಿತ್ರದಲ್ಲಿ 0 ಎಂದರೆ ಕಪ್ಪು, 1 ಎಂದರೆ ಬಿಳಿ. ಮಾಸ್ಕಿನಲ್ಲಿ 1 ಎಂದರೆ ಆಕಾರವಲ್ಲ, ಪಾರದರ್ಶಕ ಭಾಗ. ಹಾಗಿದ್ದರೆ ಮ್ಯಾಕಿಂಟಾಶ್‌ನ ಬಾಣವೊಂದನ್ನು ವಿಂಡೋಸ್‌ಗೆ ಒಯ್ಯಲು ಎರಡೂ ಚಿತ್ರಗಳ ಅಂಕಿಗಳನ್ನೆಲ್ಲ ತಿರುವಿಹಾಕಿದರೆ ಸಾಲದೇ? ಮಾಡಿ ನೋಡಿದರೆ ಕಪ್ಪು ಕಪ್ಪಾಗಿಯೇ, ಬಿಳಿ ಬಿಳಿಯಾಗಿಯೇ ಬರುತ್ತವೆ. ಸುತ್ತಲಿನ ಪಾರದರ್ಶಕ ಭಾಗ ಮಾತ್ರ ‘ತಿರುವಿಹಾಕು’ ಎಂಬುದಾಗಿ ಮಾರ್ಪಟ್ಟು, ಬಾಣದ ಸುತ್ತ ತಲೆಕೆಳಗಾದ ಒಂದು ಚೌಕ ತೆರೆಯ ಮೇಲೆಲ್ಲ ಓಡಾಡತೊಡಗುತ್ತದೆ. ಸಭೆಯಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಹಿರಿಯರು ಕೆಲವರು ನಗುತ್ತಿದ್ದಾರೆ. ಅವರಿಗೆ ಈ ಚೌಕದ ಪರಿಚಯವಿದ್ದಿರಬೇಕು. ವಿನೋದವೆಂದರೆ 1990ರ ವಿಂಡೋಸ್ 3.0ಕ್ಕೆ ಐಕಾನ್‌ಗಳನ್ನು ರಚಿಸಿಕೊಟ್ಟವರೂ ಸೂಸನ್ ಕೇರ್ ಅವರೇ.

ತೆರೆಯ ಹೊರಗೂ ಇದೇ ಜಗಳ. 1986ರಲ್ಲಿ ಆಲ್ಡಸ್ ಕಂಪನಿಯವರು ಸ್ಕ್ಯಾನರುಗಳಿಗಾಗಿ ರೂಪಿಸಿದ ಟಿಫ್ ಎಂಬ ಕಡತವಿನ್ಯಾಸದಲ್ಲಿ ಯಾವ ಪಕ್ಷವನ್ನೂ ಹಿಡಿಯಲಿಲ್ಲ. ‘ಸೊನ್ನೆ ಬಿಳಿ’ ಅಥವಾ ‘ಸೊನ್ನೆ ಕಪ್ಪು’ ಎಂಬುದನ್ನು ಪ್ರತಿಯೊಂದು ಚಿತ್ರವೂ ತಾನೇ ಘೋಷಿಸಿಕೊಳ್ಳಲೆಂದು 262ನೆಯ ಸಂಖ್ಯೆಯ ಗುರುತೊಂದನ್ನು ಮೀಸಲಿಟ್ಟರು. ಜೆಫ್ ಪೋಸ್ಕಾಂಜರ್ ಅವರ ಪಿಬಿಎಂ ವಿನ್ಯಾಸದಲ್ಲಿ 1 ಕಪ್ಪು. ಅದರ ಒಡಹುಟ್ಟಾದ ಬೂದುಚಿತ್ರಗಳ ಪಿಜಿಎಂ ವಿನ್ಯಾಸದಲ್ಲಿ 0 ಕಪ್ಪು. ಒಂದೇ ಮನೆಯೊಳಗೆ ಎರಡು ಸಂಪ್ರದಾಯ!

ನನ್ನ ದೃಷ್ಟಿಯಲ್ಲಿ ಈ ಸಮಸ್ಯೆಯನ್ನು ಸರಿಯಾಗಿ ಅರ್ಥಮಾಡಿಕೊಂಡವರು 1984ರಲ್ಲಿ ಎಂಐಟಿಯಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯನ್ನು ಆರಂಭಿಸಿದ ರಾಬರ್ಟ್ ಶೈಫ್ಲರ್, ಜಿಮ್ ಗೆಟಿಸ್ ಮತ್ತು ಅವರ ಸಹೋದ್ಯೋಗಿಗಳು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಅವರ ವ್ಯವಸ್ಥೆಯಲ್ಲಿ ತಂತ್ರಾಂಶ ನಡೆಯುವುದು ಒಂದು ಯಂತ್ರದಲ್ಲಿ, ಚಿತ್ರ ಮೂಡುವುದು ಜಾಲದ ಇನ್ನೊಂದು ತುದಿಯಲ್ಲಿರುವ, ಬೇರೊಬ್ಬ ತಯಾರಕನ ತೆರೆಯ ಮೇಲೆ. ಅಲ್ಲಿ ಕಪ್ಪಿನ ಅಂಕಿ 0 ಆಗಿರಬಹುದು, 1 ಆಗಿರಬಹುದು, ಬಣ್ಣದ ತೆರೆಯಾದರೆ ಇನ್ನಾವುದೋ ಸಂಖ್ಯೆಯಾಗಿರಬಹುದು. 1987ರಲ್ಲಿ ಹೊರಬಂದ ಹನ್ನೊಂದನೆಯ ಆವೃತ್ತಿಯಲ್ಲಿ ಅವರು ಮಾಡಿದ ಏರ್ಪಾಡು ಇದು: ಐಕಾನ್‌ನ ಚಿತ್ರದಲ್ಲಿ ಬಣ್ಣವೇ ಇಲ್ಲ, 1 ಎಂದರೆ ‘ಬರೆದ ಭಾಗ’, 0 ಎಂದರೆ ‘ನೆಲ’. ಕಪ್ಪು ಬಿಳಿಗಳು ಬೇಕಾದಾಗ ತಂತ್ರಾಂಶವು ಆ ತೆರೆಯನ್ನೇ ಕೇಳಬೇಕು, ನಿನ್ನಲ್ಲಿ ಕಪ್ಪಿಗೆ ಯಾವ ಅಂಕಿ, ಬಿಳಿಗೆ ಯಾವ ಅಂಕಿ ಎಂದು. ಬ್ಲ್ಯಾಕ್‌ಪಿಕ್ಸೆಲ್, ವೈಟ್‌ಪಿಕ್ಸೆಲ್ ಎಂಬ ಎರಡು ಪುಟ್ಟ ಸೂತ್ರಗಳು ಈ ಕೆಲಸಕ್ಕಾಗಿಯೇ ಇವೆ. ಕೇಳದೆ ಊಹಿಸಿದವರ ತಂತ್ರಾಂಶ ತಮ್ಮ ಮೇಜಿನ ಮೇಲೆ ಸರಿಯಾಗಿ ನಡೆದು, ಪಕ್ಕದ ಕೋಣೆಯಲ್ಲಿ ಕಪ್ಪಿನ ಮೇಲೆ ಕಪ್ಪು ಬರೆಯುತ್ತಿತ್ತು.

ಬಣ್ಣದ ತೆರೆಗಳು ಬಂದ ಮೇಲೂ ಹಳೆಯ ವ್ಯಾಜ್ಯ ತೀರಲಿಲ್ಲ. 1987ರ ಮ್ಯಾಕಿಂಟಾಶ್ 2ರ 256 ಬಣ್ಣಗಳ ಪಟ್ಟಿಯಲ್ಲಿ ಸೊನ್ನೆಯ ಮನೆ ಬಿಳಿ, 255ರ ಮನೆ ಕಪ್ಪು. ವಿಂಡೋಸ್‌ನಲ್ಲಿ ಸೊನ್ನೆ ಕಪ್ಪು, 255 ಬಿಳಿ. ಆರಿಸಿದ ಐಕಾನ್ ಅನ್ನು ತಿರುವಿ ತೋರಿಸುವ ಪದ್ಧತಿ ಎರಡು ಬಣ್ಣಗಳಿದ್ದಾಗ ಸೊಗಸಾಗಿತ್ತು. ಪಟ್ಟಿಯಲ್ಲಿ 256 ಬಣ್ಣಗಳಿದ್ದಾಗ 5ನ್ನು ತಿರುವಿದರೆ 250. ಆ ಮನೆಯಲ್ಲಿ ಯಾವ ಬಣ್ಣ ಕುಳಿತಿದೆಯೋ ಬಲ್ಲವರಾರು? ನೇರವಾಗಿ ಬೂದಿನ ಪ್ರಮಾಣವನ್ನೇ ಅಂಕಿಯಾಗಿಟ್ಟರೆ ಮತ್ತೊಂದು ಪೇಚು: ನಡುಬೂದಾದ 128ನ್ನು ತಿರುವಿದರೆ 127 ಬರುತ್ತದೆ. ಅಕ್ಷರ ಬರೆಯುವ ಸ್ಥಾನವನ್ನು ತೋರಿಸುವ ಗೆರೆ ಅಂತಹ ಹಿನ್ನೆಲೆಯ ಮೇಲೆ ಮಾಯವಾಗುತ್ತದೆ. ತೆರೆಯ ಬಾಣಕ್ಕೆ ಮಾತ್ರ ಹಿಂದಿನವರು ಜಾಣತನದಿಂದ ಎರಡೂ ಬಣ್ಣ ಕೊಟ್ಟಿದ್ದರು. ಮ್ಯಾಕಿಂಟಾಶ್‌ನದು ಬಿಳಿ ಅಂಚಿನ ಕಪ್ಪು ಬಾಣ, ವಿಂಡೋಸ್‌ನದು ಕಪ್ಪು ಅಂಚಿನ ಬಿಳಿ ಬಾಣ. ನೆಲ ಯಾವುದೇ ಇರಲಿ, ಕಳೆದುಹೋಗುವುದಿಲ್ಲ.

ಈಗ ತಮ್ಮೆಲ್ಲರ ಜೇಬಿನಲ್ಲಿರುವ ಫೋನಿನಲ್ಲಿ ಕಪ್ಪು ಹಿನ್ನೆಲೆ ಮತ್ತೆ ಬಂದಿದೆ. 2018ರಲ್ಲಿ ಆಪಲ್ ಮ್ಯಾಕ್ ಗಣಕಗಳಿಗೂ 2019ರಲ್ಲಿ ಫೋನುಗಳಿಗೂ ಡಾರ್ಕ್ ಮೋಡ್ ತಂದಾಗ, ಕಪ್ಪು ಬಣ್ಣದಲ್ಲಿಯೇ ಬಿಡಿಸಿಟ್ಟಿದ್ದ ಐಕಾನ್‌ಗಳು ಕತ್ತಲಲ್ಲಿ ಕರಗುವ ಅಪಾಯವಿತ್ತು. ಅವರ ಪರಿಹಾರ ಎಕ್ಸ್‌ನವರದೇ: ಚಿತ್ರ ಆಕಾರವನ್ನಷ್ಟೇ ಕೊಡಲಿ, ಬಣ್ಣವನ್ನು ವ್ಯವಸ್ಥೆ ತುಂಬಲಿ.

ಆದರೆ ಹೆಸರಿನಲ್ಲಿಯೇ ಬಣ್ಣವನ್ನು ಹೊತ್ತ ಕೆಲವು ಚಿಹ್ನೆಗಳು ಉಳಿದುಕೊಂಡಿವೆ. ನಮ್ಮ ಕನ್ನಡ ಅಕ್ಷರಗಳಿಗೂ ನೆಲೆ ಕೊಟ್ಟಿರುವ ಯೂನಿಕೋಡ್ ಪಟ್ಟಿಯಲ್ಲಿ ಚದುರಂಗದ ‘ಬಿಳಿ ರಾಜ’ ಎಂದರೆ ಬರಿಯ ಗೆರೆಯ ಆಕೃತಿ, ‘ಕಪ್ಪು ರಾಜ’ ಎಂದರೆ ತುಂಬಿದ ಆಕೃತಿ. ಈ ಹೆಸರುಗಳು ಬಿಳಿಯ ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟವು. ಕಪ್ಪು ತೆರೆಯ ಮೇಲೆ ಬಿಳಿ ಮಸಿಯಿಂದ ಅವುಗಳನ್ನು ಮೂಡಿಸಿದರೆ ತುಂಬಿದ ‘ಕಪ್ಪು ರಾಜ’ ಬೆಳ್ಳಗೆ ಹೊಳೆಯುತ್ತಾನೆ, ‘ಬಿಳಿ ರಾಜ’ ಕಪ್ಪಾಗಿ ನಿಲ್ಲುತ್ತಾನೆ. ಆಡುವವರು ಎದುರಾಳಿಯ ಕಾಯಿಯನ್ನು ತಮ್ಮದೆಂದು ತಿಳಿದು ನಡೆಸಲು ಹೊರಡಬಹುದು. ಇದನ್ನು ತಪ್ಪಿಸಬೇಕಾದರೆ ಗೆರೆಯ ರಾಜನ ಅಡಿಯಲ್ಲಿ ಅದೇ ಆಕಾರದ ತುಂಬಿದ ಚಿತ್ರವೊಂದನ್ನು ಮೊದಲು ಬಿಳಿಯಲ್ಲಿ ಬಳಿದು, ಆಮೇಲೆ ಗೆರೆಯನ್ನು ಕಪ್ಪಿನಲ್ಲಿ ಎಳೆಯಬೇಕು. 1984ರ ಕಸದ ಡಬ್ಬಿಗೆ ಮಾಡಿದ ಉಪಾಯವೇ ಅದು.