ಪರದೆಯ ಮೇಲಿನ ನಾಲ್ಕು ಅಕ್ಷರ



ತೊಂಬತ್ತರ ದಶಕದಲ್ಲಿ ತಬೂಕ್‌ನ ನಮ್ಮ ಮನೆಗಳಲ್ಲಿ ಶುಕ್ರವಾರ ಬೆಳಿಗ್ಗೆ "ಸೇ...ಗಾ" ಎಂಬ ರಾಗ ಕೇಳಿಸಿತೆಂದರೆ ಮಕ್ಕಳು ಎದ್ದು ಟಿ.ವಿ. ಮುಂದೆ ಕೂತರೆಂದೇ ಅರ್ಥ. ಬಿಳಿ ಪರದೆಯ ಮೇಲೆ ನೀಲಿ ಅಕ್ಷರಗಳು ಹೊಳೆಯುತ್ತಿದ್ದವು. ಆ ಅಕ್ಷರಗಳ ಹಿಂದೆ ಒಂದು ಕೋರ್ಟಿನ ಕಥೆಯೇ ಇದೆಯೆಂದು ಆಗ ನಮಗೆ ಗೊತ್ತಿರಲಿಲ್ಲ.

ಸೆಗಾ ಎಂಬುದು ಜಪಾನೀ ಪದವೆಂದು ನಾವು ತಿಳಿದಿದ್ದೆವು. ಅದು ‘ಸರ್ವಿಸ್ ಗೇಮ್ಸ್’ ಎಂಬ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳ ಜೋಡಣೆ. ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಅಮೆರಿಕದ ಸೇನಾ ನೆಲೆಗಳಿಗೆ ಒದಗಿಸುತ್ತಿದ್ದವರ ವ್ಯಾಪಾರದಿಂದ ಬಂದದ್ದು. 1965ರಲ್ಲಿ ಟೋಕಿಯೋದಲ್ಲಿ ಎರಡು ಕಂಪನಿಗಳು ಕೂಡಿ ಸೆಗಾ ಎಂಟರ್‌ಪ್ರೈಸಸ್ ಆಯಿತು. 1991ರ ‘ಸೋನಿಕ್’ ಆಟದ ಆ ಒಂದು ಕೂಗೇ ಕ್ಯಾಸೆಟ್ಟಿನ ಎಂಟನೆಯ ಒಂದು ಭಾಗದಷ್ಟು ಜಾಗ ನುಂಗಿತ್ತಂತೆ!

ಆದರೆ ಆ ಹೆಸರು ಬರಿಯ ಅಲಂಕಾರವಾಗಿರಲಿಲ್ಲ. ಬೇರೆಯವರು ಅನುಮತಿಯಿಲ್ಲದೆ ಕ್ಯಾಸೆಟ್ ತಯಾರಿಸುವುದನ್ನು ತಡೆಯಲು ಸೆಗಾ ತನ್ನ ‘ಮೆಗಾ ಡ್ರೈವ್’ ಯಂತ್ರದೊಳಗೆ ಒಂದು ಬೀಗ ಇಟ್ಟಿತು. ಕ್ಯಾಸೆಟ್ಟಿನೊಳಗೆ ‘ಸೆಗಾ’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿಲ್ಲದಿದ್ದರೆ ಆಟ ನಡೆಯದು. ಇದ್ದರೆ, ‘ಇದು ಸೆಗಾ ತಯಾರಿಕೆ ಅಥವಾ ಸೆಗಾ ಪರವಾನಗಿ ಪಡೆದದ್ದು’ ಎಂಬ ಸಾಲು ಪರದೆಯ ಮೇಲೆ ತಾನಾಗಿ ಬರುತ್ತಿತ್ತು. ಕಫೀಲರ ಹೆಸರಿಲ್ಲದೆ ಇಕಾಮಾ ಇಲ್ಲದ ದಿನಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಅಕೋಲೇಡ್ ಎಂಬ ಕಂಪನಿ ಆ ಬೀಗದ ಗುಟ್ಟನ್ನು ಕಂಡುಹಿಡಿದು, ಪರವಾನಗಿ ಪಡೆಯದೆ ತನ್ನ ಆಟಗಳಲ್ಲೂ ಆ ನಾಲ್ಕು ಅಕ್ಷರ ಸೇರಿಸಿತು. ನಮ್ಮ ಹೆಸರು ದುರುಪಯೋಗವಾಯಿತೆಂದು ಸೆಗಾ 1991ರಲ್ಲಿ ದಾವೆ ಹೂಡಿತು. ಮೊದಲ ಕೋರ್ಟು ಸೆಗಾ ಪರ ನಿಂತಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಆ ಅಕ್ಷರಗಳಿಲ್ಲದೆ ಆಟವೇ ನಡೆಯದೆಂದ ಮೇಲೆ, ತಪ್ಪು ಸಾಲು ಮೂಡಿದ್ದಕ್ಕೆ ಬೀಗ ಇಟ್ಟವರೇ ಹೊಣೆ ಎಂಬುದು ಅದರ ತೀರ್ಪಿನ ಸಾರ. ಯಂತ್ರಕ್ಕೆ ಹೊಂದುವಂತೆ ಮಾಡಲು ಬೇರೆ ದಾರಿಯಿಲ್ಲದಾಗ ಪ್ರೋಗ್ರಾಮನ್ನು ಬಿಚ್ಚಿ ಓದುವುದೂ ತಪ್ಪಲ್ಲವೆಂದು ಹೇಳಿತು. 1993ರಲ್ಲಿ ಇಬ್ಬರೂ ರಾಜಿಯಾದರು.

ಕಾಲಚಕ್ರ ನೋಡಿ. 2001ರಲ್ಲಿ ಸೆಗಾ ಯಂತ್ರ ತಯಾರಿಕೆಯನ್ನೇ ನಿಲ್ಲಿಸಿ, ಬೇರೆಯವರ ಯಂತ್ರಗಳಿಗೆ ಆಟ ಪ್ರಕಟಿಸತೊಡಗಿತು. ಅಂದು ಕಫೀಲನಾಗಿದ್ದ ಹೆಸರು ಇಂದು ತಾನೇ ಬೇರೆಯವರ ಪರವಾನಗಿ ಪಡೆದು ಪರದೆಗೆ ಬರುತ್ತದೆ. ನೀಲಿ ಬಣ್ಣ ಮಾತ್ರ ಅದೇ.