ಚೌಕಾಬಾರ, ಪಗಡೆ, ಮೊಬೈಲು: ದಾಳ ಯಾರ ಕೈಯಲ್ಲಿತ್ತು?

ಕಳೆದ ದೀಪಾವಳಿಗೆ ಮಾನ್ವಿ ಕಡೆ ಇರುವ ನಮ್ಮೂರಿಗೆ ಹೋಗಿದ್ದೆ. ಪಾಡ್ಯದ ದಿನ ಹೋಳಿಗೆ ಊಟ ಮುಗಿಸಿ, ಪಡಸಾಲೆಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ಎಲ್ಲರೂ ಚೌಕಾಬಾರಕ್ಕೆ ಕೂತೆವು. ಪಾಡ್ಯಕ್ಕೆ ಪಂಚಾಂಗದಲ್ಲಿ ದ್ಯೂತ ಪ್ರತಿಪದೆ ಅಂತಲೂ ಹೆಸರಿದೆ, ಹಾಗಾಗಿ ಆ ಒಂದು ದಿನ ಹಿರಿಯರ ಬೈಗುಳವೂ ಇರುವುದಿಲ್ಲ :)

ಅಕ್ಕನ ಮಗ ಮಾತ್ರ ಆಟಕ್ಕೆ ಬರಲಿಲ್ಲ. ಮೊಬೈಲಿನ ದಾಳದ ಆಟದಲ್ಲಿ ಒಂದು ವರ್ಷದ ಹತ್ತಿ ದುಡ್ಡು ಕಳೆದುಕೊಂಡವನು ಅವನು. ಯಾವ ಆಟ ಅನ್ನುವುದು ಇಲ್ಲಿ ಬೇಡ. "ಮಾಮಾ, ಅದರಾಗ ದಾಳ ನಾವು ಒಗಿಯೂದಿಲ್ಲ, ಅವರ ಒಗೀತಾರ" ಅಂದ. ಸೋತವನ ಮಾತು ಅಂತ ಮೊದಲು ನಕ್ಕೆ. ಆಮೇಲೆ ರಾಯಚೂರಿಗೆ ವಾಪಸು ಬಂದರೂ ಆ ಮಾತು ತಲೆಯಿಂದ ಹೋಗಲೇ ಇಲ್ಲ...

ನಮ್ಮ ಅಜ್ಜಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ಚೌಕಾಬಾರದಲ್ಲಿ ಆಕೆಯನ್ನು ಸೋಲಿಸಿದವರು ಕಡಿಮೆ. ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾಲ್ಕು ಕವಡೆ. ಒಂದು ಅಂಗಾತ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರಾದರೆ ಮೂರು. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕ, ಬಾರ ಬಿದ್ದರೆ ಇನ್ನೊಂದು ಸಲ ಎಸೆಯಬಹುದು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಒಂದು. ಬೇರೆಯವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ನಡುಮನೆ ಸೇರಿದ ಕಾಯಿ "ಹಣ್ಣಾಯಿತು" ಅನ್ನುತ್ತೇವೆ. ಎಷ್ಟು ಚೆಂದದ ಮಾತು ನೋಡಿ!

ಅಜ್ಜಿಯ ಮುಖ್ಯ ಉಪದೇಶ ಒಂದೇ. "ಹಿಂದ ವೈರಿ ಕಾಯಿ ಇದ್ದಾಗ ಎರಡು ಮನಿ ಮುಂದ ನಿಂದ್ರಬ್ಯಾಡ." ಇಂಜಿನಿಯರಿಂಗ್ ಓದುವಾಗ ನಾನು ಲೆಕ್ಕ ಹಾಕಿ ನೋಡಿದೆ. ಕವಡೆ ಎರಡೂ ಮಗ್ಗುಲಿಗೆ ಸರಿಸಮ ಬೀಳುತ್ತದೆ ಅಂತ ಹಿಡಿದರೆ, 16 ಎಸೆತಕ್ಕೆ ಸರಾಸರಿ 6 ಸಲ ಎರಡು, 4 ಸಲ ಒಂದು, 4 ಸಲ ಮೂರು, ಒಂದೊಂದು ಸಲ ಚೌಕ, ಬಾರ. ಅಂದರೆ ಎರಡು ಮನೆ ಮುಂದೆ ನಿಂತರೆ ಸಾವು ಹತ್ತಿರ. ನಾಲ್ಕು ಮನೆ ಮುಂದೆ ನಿಂತರೆ ಹದಿನಾರಕ್ಕೆ ಒಂದು ಪಾಲು ಮಾತ್ರ ಭಯ. ಐದು ಮನೆ ಮುಂದಾದರೆ ಎದುರಾಳಿಗೆ ಚೌಕ ಬಿದ್ದು ಅದರ ಮೇಲೆ ಒಂದು ಬೀಳಬೇಕು, 64ಕ್ಕೆ ಒಂದು ಸಲ! ನಿಜವಾದ ಕವಡೆ ಹೀಗೆ ಸರಿಸಮ ಬೀಳುವುದಿಲ್ಲ ಅನ್ನಿ, ಒಂದೊಂದರ ಬೆನ್ನು ಒಂದೊಂದು ತರಹ. ಮನೆಯ ಕವಡೆಯ ಸ್ವಭಾವ ಅಜ್ಜಿಯ ಕೈಗೆ ಗೊತ್ತಿತ್ತು.

ಇದೇ ಬುದ್ಧಿ ಲೂಡೋದಲ್ಲಿ ನಡೆಯುವುದಿಲ್ಲ. ಅಲ್ಲಿ ಆರು ಮುಖದ ಒಂದೇ ದಾಳ. ಒಂದರಿಂದ ಆರು ಮನೆ ದೂರದವರೆಗೆ ಎಲ್ಲಿ ನಿಂತರೂ ಭಯ ಸುಮಾರಾಗಿ ಒಂದೇ, ಆರಕ್ಕೆ ಒಂದು. ಏಳನೇ ಮನೆ ದಾಟಿ ನಿಲ್ಲಬೇಕು, ಆಗ ಎದುರಾಳಿಗೆ ಆರು ಬಿದ್ದು ಮತ್ತೆ ಒಂದು ಬೀಳಬೇಕು, 36ಕ್ಕೆ ಒಂದು. ದಾಳ ಬದಲಾದರೆ ಜಾಣತನವೂ ಬದಲಾಗುತ್ತದೆ. ಚೌಕಾಬಾರದ ಪಟ್ಟು ಹಿಡಿದು ಮೊಬೈಲಿನಲ್ಲಿ ಆಡಿದವರು ಸೋತರೆ ಅದರಲ್ಲಿ ಮೋಸ ಇರಲೇಬೇಕು ಅಂತಿಲ್ಲ.

ಇನ್ನು ಅಜ್ಜಿಯ ಮರ್ಯಾದೆಯ ಪಾಠ. ಕವಡೆ ಕೈಯಲ್ಲಿ ಕುಲುಕಿ ಮೇಲಿಂದ ಬಿಡಬೇಕು, ನೆಲಕ್ಕೆ ಒತ್ತಿ ಉರುಳಿಸಬಾರದು. ಗೋಡೆಗೋ ಕಾಲಿಗೋ ಒರಗಿ ಓರೆ ನಿಂತರೆ ಎಸೆತ ರದ್ದು. ಮೂರು ಸಲ ಬಾರ ಬಿದ್ದರೆ ಏನು ಅನ್ನುವುದನ್ನು ಕೂರುವ ಮೊದಲೇ ಮಾತಾಡಿಕೊಳ್ಳಬೇಕು, ಏಕೆಂದರೆ ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ಸೋಲುತ್ತಿರುವವರು ಅರ್ಧಕ್ಕೆ ಏಳಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬರ ಪಾಳಿ ಇನ್ನೊಬ್ಬರು ಎಸೆಯಬಾರದು.

ಈ ಕೊನೆಯದು ಸಣ್ಣ ಮಾತಲ್ಲ. ಮಹಾಭಾರತದ ಸಭಾಪರ್ವದಲ್ಲಿ ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಅಂತ ಧರ್ಮರಾಯ ಅಲ್ಲಿಯೇ ಆಕ್ಷೇಪಿಸುತ್ತಾನೆ. ಆದರೂ ಕೂರುತ್ತಾನೆ! ಶಕುನಿಯ ದಾಳ ಅವನ ಅಪ್ಪನ ಎಲುಬಿನದು ಅನ್ನುವ ಕಥೆ ಜನ ಕಟ್ಟಿದ್ದು, ವ್ಯಾಸರ ಭಾರತದಲ್ಲಿ ಅದಿಲ್ಲ. ಜನ ಯಾಕೆ ಕಟ್ಟಿದರು ಅಂದರೆ, ದಾಳದ ಮೇಲೆ ಅನುಮಾನ ಬಂದವರಿಗೆ ಒಂದು ಕಾರಣ ಬೇಕಿತ್ತು ಅಂತ ನನ್ನ ಊಹೆ.

ಈ ಅನುಮಾನಕ್ಕೆ ರಾಜ್ಯಾಡಳಿತ ಏನು ಮದ್ದು ಹುಡುಕಿತು? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ ಅಂತಲೇ ಒಬ್ಬ ಅಧಿಕಾರಿ ಇದ್ದಾನೆ. (ಆ ಗ್ರಂಥದ ಓಲೆಪ್ರತಿ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, ಅಚ್ಚಾಗಿದ್ದು 1909ರಲ್ಲಿ.) ಅವನ ಪ್ರಕಾರ ಜೂಜು ಒಂದೇ ಕಡೆ ನಡೆಯಬೇಕು, ಬೇರೆ ಕಡೆ ಆಡಿದರೆ 12 ಪಣ ದಂಡ. ದಾಳ, ಕವಡೆಯನ್ನು ಆಟಗಾರರು ತರುವ ಹಾಗಿಲ್ಲ, ಅಲ್ಲೇ ಕೊಡುತ್ತಾರೆ. ಕೊಟ್ಟದ್ದನ್ನು ಬದಲಿಸಿದರೂ 12 ಪಣ. ಗೆದ್ದ ದುಡ್ಡಿನಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನಿಗೆ, ದಾಳದ ಬಾಡಿಗೆ ಬೇರೆ. ಗಮನಿಸಿ, ದಾಳ ಕೊಡುವವನಿಗೆ ಯಾರು ಗೆದ್ದರೂ ಅದೇ ಪಾಲು. ಅವನಿಗೆ ಯಾರನ್ನಾದರೂ ಸೋಲಿಸುವ ಆಸೆ ಇರಬಾರದು ಅನ್ನುವ ಲೆಕ್ಕಾಚಾರ ಅದು.

ನಮ್ಮ ಕಡೆಯ ಇತಿಹಾಸಕ್ಕೆ ಬರೋಣ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ದೋಆಬ್ ಅವರ ರಾಜ್ಯದ ಭಾಗ. ಮೂರನೇ ಸೋಮೇಶ್ವರ 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದಲ್ಲಿ ರಾಜ ಆಡಬೇಕಾದ ಇಪ್ಪತ್ತು ಕ್ರೀಡೆಗಳಿವೆ. ಅದರಲ್ಲಿ ಚದುರಂಗದ ಜೊತೆಗೇ ಪಾಶಕ ಕ್ರೀಡೆ, ವರಾಟಿಕಾ ಕ್ರೀಡೆ, ಅಂದರೆ ದಾಳದ ಆಟ, ಕವಡೆಯ ಆಟ. ಅರಸನಿಗೂ ಅಜ್ಜಿಗೂ ಅದೇ ಕವಡೆ! ಹಂಪಿಗೆ ಹೋದವರು ಈ ಸಲ ಮಂಟಪದ ಕಂಬ ನೋಡುವುದು ಬಿಟ್ಟು ನೆಲ ನೋಡಿ, ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನು ಕೊರೆದಿರುವುದು ಸಿಗುತ್ತದೆ.

ನಮ್ಮ ಪಚ್ಚೀಸಿ ಇಂಗ್ಲೆಂಡಿಗೆ ಹೋಗಿ 1896ರಲ್ಲಿ ಲೂಡೋ ಅಂತ ಪೇಟೆಂಟ್ ಪಡೆದು, ಆರು ಮುಖದ ದಾಳ ಹಿಡಿದುಕೊಂಡು ವಾಪಸು ಬಂತು. ಇಂಟರ್‌ನೆಟ್ಟಿನಲ್ಲಿ ದಾಳ ಇದಕ್ಕೂ ಹಳೆಯದು ಅನ್ನುವ ಹಾಗೆ, ಲೂಡೋ ಆಪ್‌ಗಳಿಗಿಂತ ಬಹಳ ಮೊದಲೇ ಇತ್ತು. ಬ್ಯಾಕ್‌ಗ್ಯಾಮನ್ ಆಡಲು ಫಿಬ್ಸ್ ಎಂಬ ಸರ್ವರ್ 1992ರಲ್ಲೇ ಶುರುವಾಯಿತು. ಅಲ್ಲಿ ದುಡ್ಡಿರಲಿಲ್ಲ, ಇದ್ದದ್ದು ಅಂಕ ಮಾತ್ರ. ಆದರೂ "ದಾಳದಲ್ಲಿ ಮೋಸ" ಅನ್ನುವ ಗೊಣಗಾಟ ನಿಲ್ಲಲಿಲ್ಲ. ಸೋಲುವಾಗ ಲೈನ್ ಕಡಿದುಕೊಂಡು ಓಡಿಹೋಗುವವರೂ ಇದ್ದರು, ಅದಕ್ಕೆ ಅರ್ಧಕ್ಕೆ ನಿಂತ ಆಟವನ್ನು ಉಳಿಸಿಟ್ಟು ಮುಂದುವರಿಸುವ ವ್ಯವಸ್ಥೆ. ನಮ್ಮ ಅಜ್ಜಿಯ ಕಾನೂನೇ!

ನಮ್ಮಲ್ಲಿ 2020ರ ಲಾಕ್‌ಡೌನಿನಲ್ಲಿ ಲೂಡೋ ಮನೆಮನೆಗೆ ಬಂತು. ಅದರ ಹಿಂದೆಯೇ ದುಡ್ಡು ಕಟ್ಟುವ ಆಟಗಳು. ಕಾನೂನು ಇಲ್ಲಿ ತಡವರಿಸಿದ್ದಕ್ಕೂ ನಮ್ಮ ಭಾಗದ ಒಂದು ಕೊಂಡಿ ಇದೆ. ನಿಜಾಮರ ಕಾಲದ ಹೈದರಾಬಾದ್ ಜೂಜು ಕಾಯ್ದೆ ಫಸಲಿ 1305ರದು, ರಾಯಚೂರು ಆಗ ಆ ರಾಜ್ಯದಲ್ಲೇ ಇತ್ತು. ಆ ಕಾಯ್ದೆಯಡಿ ಬಂದ ಒಂದು ಪ್ರಕರಣದಲ್ಲೇ 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಹೆಚ್ಚಾಗಿ ಕೌಶಲದ ಆಟ ಅಂದಿತು. ಅಲ್ಲಿಂದ "ಕೌಶಲವೋ ಅದೃಷ್ಟವೋ" ಅನ್ನುವುದೇ ವಾದ. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಪಣದಾಟ ನಿಲ್ಲಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಅಕ್ಕನ ಮಗನ ಹತ್ತಿ ದುಡ್ಡು ಅಷ್ಟರಲ್ಲಿ ಹೋಗಿತ್ತು.

ನನಗೆ ಈ ವಾದದಲ್ಲಿ ಒಂದು ಕೊರತೆ ಕಾಣುತ್ತದೆ. ಕೌಶಲ ಎಷ್ಟು ಅಂತ ಎಲ್ಲರೂ ಕೇಳಿದರು, ದಾಳ ಯಾರದು ಅಂತ ಕೇಳಿದವರು ಕಡಿಮೆ. ಕಂಪ್ಯೂಟರಿನ ದಾಳ ಅಂದರೆ ಒಂದು ಲೆಕ್ಕದ ಸೂತ್ರ ಕೊಡುವ ಅಂಕಿ. ಸೂತ್ರ ನ್ಯಾಯವಾಗಿಯೇ ಇರಬಹುದು. ಆದರೆ ಅದು ಬೀಳುವುದನ್ನು ಎದುರು ಕೂತವರು ನೋಡಲಾಗುವುದಿಲ್ಲ, ಓರೆ ನಿಂತಿದೆ ಅಂತ ಜಗಳ ತೆಗೆಯಲಾಗುವುದಿಲ್ಲ. ಅಕ್ಕನ ಮಗ ಮೋಸ ಹೋದನೋ, ಬರೀ ಸೋತನೋ, ಅವನಿಗೂ ಗೊತ್ತಿಲ್ಲ. ಸೋಲಿಗಿಂತ ಅದೇ ಅವನನ್ನು ತಿನ್ನುತ್ತಿದೆ.

ಅವತ್ತು ಸಂಜೆ ಕೊನೆಗೂ ಬಂದು ಕೂತ. ಅವನ ಮೊದಲ ಎಸೆತದಲ್ಲೇ ಮೂರು ಕವಡೆ ಬೋರಲು, ನಾಲ್ಕನೆಯದು ಗೋಡೆಗೆ ಒರಗಿತು. "ಬಾರ!" ಅಂತ ಅವನು, "ಓರೆ ನಿಂತದ, ಮತ್ತ ಒಗಿ" ಅಂತ ಅವರವ್ವ. ಹತ್ತು ನಿಮಿಷ ಜಗಳ. ಮತ್ತೆ ಎಸೆದ, ಎರಡು ಬಿತ್ತು. ಅಕ್ಕನ ಕಾಯಿ ಸರಿಯಾಗಿ ಎರಡು ಮನೆ ಮುಂದಿತ್ತು.